ಹಿಂದಿನ ಜಗುಲಿಯ ಕೋಸಿನ ಪಲ್ಯ

ನನಗೆ ಸಿಟ್ಟು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರೆಯುವುದರಲ್ಲಿ ಮುಕ್ಕಾಲು ಪಾಲು ಸಿಟ್ಟು ನನ್ನ ಮೇಲೆಯೇ ಇದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಹೆಣ್ಣಿನ ದೇಹದ ಚಿತ್ರವನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು, ಎಡಕ್ಕೊಂದು ಬಲಕ್ಕೊಂದು ಅಂಡಾಶಯ ಗುರುತಿಸಿ, ತಲೆ ತಗ್ಗಿಸಿ ಕೂತ ಹುಡುಗಿಯರಿಗೂ ಹಿಂದಿನ ಬೆಂಚಿನಲ್ಲಿ ಕೆಮ್ಮುವ ಹುಡುಗರಿಗೂ ಒಟ್ಟಿಗೇ ಗದರುತ್ತೇನೆ. "ಇದರಲ್ಲಿ ನಾಚ್ಕೊಳ್ಳೋಕೆ ಎಂತ ಉಂಟು? ಕಣ್ಣು ಕಿವಿ ಇದ್ದ ಹಾಗೆ ಇದೂ ಒಂದು ಅಂಗ." ಇಷ್ಟು ಚೆನ್ನಾಗಿ ಪಾಠ ಮಾಡುವವಳ ಮನೆಯಲ್ಲೇ ನಡೆದದ್ದು ಇದು.

ಮೂರು ವರ್ಷದ ಹಿಂದೆ ನನ್ನ ಎಡಗಡೆಯ ಅಂಡಾಶಯವನ್ನು ತೆಗೆದುಹಾಕಿದರು. ಚಾಕೊಲೇಟ್ ಸಿಸ್ಟ್ ಅಂತ ಅದಕ್ಕೆ ಹೆಸರು. ಅಂಥ ಕಾಯಿಲೆಗೆ ಅಂಥ ರುಚಿಯಾದ ಹೆಸರಿಟ್ಟ ಪುಣ್ಯಾತ್ಮ ಯಾರೋ, ಅವನಿಗೆ ತಿಂಗಳಿಗೊಮ್ಮೆ ಸೊಂಟದಲ್ಲಿ ಬೆಂಕಿ ಬಿದ್ದಿರಲಿಕ್ಕಿಲ್ಲ. ಬಲಗಡೆಯದರಲ್ಲೂ ಸಣ್ಣದೊಂದು ಶುರುವಾಗಿತ್ತು. ಆ ಅಂಡಾಶಯವನ್ನು ಮಾತ್ರ ಉಳಿಸಿದರು. ಚಿಕ್ಕಮಗಳೂರಿನ ಡಾಕ್ಟರಮ್ಮ ಹೊಲಿಗೆ ಬಿಚ್ಚಿದ ಮೇಲೆ ಕೂರಿಸಿಕೊಂಡು ಸಮಾಧಾನವಾಗಿ ಮಾತಾಡಿದರು. ಮಾತ್ರೆ ಬಿಡಬಾರದು, ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ತಪ್ಪಿಸಬಾರದು, ನಡೆಯಬೇಕು, ಕರಿದದ್ದು ಕಡಿಮೆ ಮಾಡಬೇಕು. ಕೊನೆಗೆ, "ತರಕಾರಿ ಜಾಸ್ತಿ ತಿನ್ನಿ. ಎಲೆಕೋಸು, ಹೂಕೋಸು, ನವಿಲುಕೋಸು, ಮೂಲಂಗಿ, ಈ ಜಾತಿಯವು ಹಾರ್ಮೋನಿಗೆ ಒಳ್ಳೇದು ಅಂತಾರೆ. ಆದ್ರೆ ಅದನ್ನೇ ಔಷಧಿ ಅಂದ್ಕೋಬೇಡಿ ಮತ್ತೆ," ಅಂದರು.

ನಾನು ಕೇಳಿಸಿಕೊಂಡದ್ದು ಕೋಸಿನ ಮಾತು. ಕೊನೆಯ ಮಾತು ಒಂದು ಕಿವಿಯಲ್ಲಿ ಬಂದು ಇನ್ನೊಂದು ಕಿವಿಯಲ್ಲಿ ಹೊರಗೆ ಹೋಯಿತು. ಹೆದರಿದವಳಿಗೆ ಕೈಯಲ್ಲಿ ಹಿಡಿಯಲು ಏನಾದರೂ ಬೇಕು. ಸ್ಕ್ಯಾನಿಂಗನ್ನು ಹಿಡಿದುಕೊಂಡು ಬದುಕುವುದು ಹೇಗೆ? ಕೋಸನ್ನಾದರೆ ಹಿಡಿದುಕೊಳ್ಳಬಹುದು, ಕೊಚ್ಚಬಹುದು, ಬೇಯಿಸಬಹುದು. ಆ ವಾರವೇ ಮೊಬೈಲಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಊಟ ಬಲ್ಲವನಿಗೆ ರೋಗವಿಲ್ಲ ಅನ್ನುವ ಗಾದೆಯನ್ನು ನಮ್ಮ ಶಾಲೆಯ ಗೋಡೆಯ ಮೇಲೆ ಬರೆಸಿದವಳೂ ನಾನೇ. ಮೂಡಿಗೆರೆಯ ಸಂತೆಯಿಂದ ಮೂರು ಎಲೆಕೋಸು, ಎರಡು ಹೂಕೋಸು, ಎಲೆ ಸಮೇತ ನವಿಲುಕೋಸಿನ ಒಂದು ಕಟ್ಟು ತಂದು ಮನೆಯ ಮೆಟ್ಟಿಲು ಹತ್ತಿದೆ.

ಅಲ್ಲಿ ನಿಂತಿದ್ದರು ನನ್ನ ಅತ್ತೆ.

ಜಾವಳಿಯ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಮಾವ ಪೌರೋಹಿತ್ಯ ಮಾಡುತ್ತಿದ್ದವರು, ನಾನು ಮದುವೆಯಾಗಿ ಬಂದ ಎರಡನೇ ವರ್ಷವೇ ತೀರಿಕೊಂಡರು. ಅವರು ಹೋದರೂ ಅಡಿಗೆಮನೆಯ ಕಟ್ಟಳೆ ಹೋಗಲಿಲ್ಲ. ದೇವರ ನೈವೇದ್ಯ ಆಗುವ ಆ ಒಲೆಯ ಮೇಲೆ ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಕೋಸಿನ ಜಾತಿಯದು ಒಂದೂ ಇಲ್ಲ, ಮೂಲಂಗಿ ಇಲ್ಲ. ಅತ್ತೆಯ ಪ್ರಕಾರ ಕೋಸು ಪರದೇಶದಿಂದ ಬಂದದ್ದು, ಬೇಯುವಾಗ ನಾರುತ್ತದೆ, ಶ್ರಾದ್ಧಕ್ಕೆ ಬರುವುದಿಲ್ಲ, ಆದ್ದರಿಂದ ದೇವರಿಗೂ ಬರುವುದಿಲ್ಲ. ಚಾತುರ್ಮಾಸ್ಯದಲ್ಲಂತೂ ಅದರ ಹೆಸರೆತ್ತಿದರೂ ಬಾಯಿ ತೊಳೆದುಕೊಳ್ಳಬೇಕು. ಅವರ ಆಚಾರ ಬಾಯಿಮಾತಿನದಲ್ಲ. ಜ್ವರ ಬಂದ ದಿನವೂ ತಣ್ಣೀರು ಸ್ನಾನ ಮಾಡಿ ಒಲೆ ಹಚ್ಚಿದ್ದನ್ನು ನಾನೇ ಕಂಡಿದ್ದೇನೆ.

"ಎಂತದೇ ಅದು ಚೀಲದಲ್ಲಿ?" ಅಂದರು.

"ನನ್ನ ಔಷಧಿ ಅತ್ತೆ," ಅಂದೆ.

ಜಗಳ ಆಗಲಿಲ್ಲ. ವಾದ ಆಯಿತು, ಮೂರು ದಿನ. ನಾನು ವಿಜ್ಞಾನದ ಟೀಚರಲ್ಲವೇ, ಸುಮ್ಮನಿರಲು ಬರುವುದಿಲ್ಲ. ಕೋಸು, ಮೂಲಂಗಿ, ಸಾಸಿವೆ ಎಲ್ಲ ಒಂದೇ ಕುಟುಂಬದ ಗಿಡಗಳು ಅಂತ ಅವರಿಗೆ ವಿವರಿಸಿದೆ. "ನೀವು ದಿನಾ ದೇವರ ಸಾರಿಗೆ ಸಾಸಿವೆ ಒಗ್ಗರಣೆ ಹಾಕ್ತೀರಲ್ಲ ಅತ್ತೆ, ಅದು ಕೋಸಿನ ಅಕ್ಕನೋ ತಂಗಿನೋ ಆಗ್ಬೇಕು. ಅಕ್ಕ ಒಳಗೆ, ತಂಗಿ ಹೊರಗೆ ಅಂದ್ರೆ ಯಾವ ನ್ಯಾಯ?"

ಅತ್ತೆ ಕಾಯಿ ತುರಿಯುತ್ತ ಕೂತಿದ್ದರು. ತಲೆ ಎತ್ತಲೇ ಇಲ್ಲ. "ಹಾಗಾದ್ರೆ ಒಳ್ಳೇದೇ ಆಯ್ತಲ್ಲ. ಅಕ್ಕನೇ ಮನೇಲಿ ಇದ್ದಾಳೆ. ಒಂದು ಮುಷ್ಟಿ ಸಾಸಿವೆ ತಿನ್ನು, ತಂಗಿ ಎಂತಕ್ಕೆ?"

ನನ್ನ ಗಂಡ ಹೊರಗೆ ಜಗುಲಿಯಲ್ಲಿ ಕೂತು ನಕ್ಕಿದ್ದು ಒಳಗೆ ಕೇಳಿಸಿತು. ಆ ಮನುಷ್ಯನಿಗೆ ಯಾವಾಗಲೂ ಅಷ್ಟೇ, ಹೆಂಗಸರ ಜಗಳ ಅಂದರೆ ಯಕ್ಷಗಾನ ನೋಡಿದಷ್ಟು ಖುಷಿ. ಆದರೆ ಮೂರನೇ ದಿನ ಅವರೇ ಒಂದು ದಾರಿ ಮಾಡಿದರು. ಕೊಯ್ಲಿನ ಸಮಯದಲ್ಲಿ ಆಳುಗಳಿಗೆ ಕಾಫಿ ಕಾಯಿಸುವ ಒಂಟಿ ಒಲೆಯ ಗ್ಯಾಸನ್ನು ಹಿಂದಿನ ಜಗುಲಿಗೆ ತಂದಿಟ್ಟರು. "ನಿನ್ನ ಕೋಸು ಇಲ್ಲಿ ಬೇಯ್ಲಿ ಮಾರಾಯ್ತಿ. ಅಮ್ಮನ ಒಲೆ ಅಲ್ಲಿ ಇರ್ಲಿ. ನಾನು ಎರಡೂ ಕಡೆ ಉಣ್ತೇನೆ."

ಹೀಗೆ ನನಗೊಂದು ಸಂಸಾರ ಹಿಂದಿನ ಜಗುಲಿಯಲ್ಲಿ ಶುರುವಾಯಿತು. ಒಂದು ಬಾಣಲೆ, ಒಂದು ಮುಚ್ಚಳ, ಒಂದು ತಟ್ಟೆ. ಕೋಸನ್ನು ಎಳೆ ಎಳೆಯಾಗಿ ಹೆಚ್ಚಿ, ಉದ್ದಿನಬೇಳೆ ಒಗ್ಗರಣೆ ಹಾಕಿ, ಐದೇ ನಿಮಿಷ ಬಾಡಿಸಿ, ಮೇಲೆ ಹಸಿ ಕಾಯಿತುರಿ. ಹೂಕೋಸನ್ನು ಬಿಡಿಸಿ ಉಪ್ಪು ಅರಿಶಿನದ ಬಿಸಿನೀರಿನಲ್ಲಿ ಮುಳುಗಿಸಿಟ್ಟರೆ ಅದರೊಳಗಿನ ಹಸಿರು ಹುಳ ತೇಲಿ ಬರುತ್ತದೆ. ಅದನ್ನು ಕಂಡು ಅತ್ತೆ ಬಾಗಿಲಲ್ಲೇ ನಿಂತು "ಶಿವ ಶಿವಾ" ಅನ್ನುತ್ತಿದ್ದರು. ನವಿಲುಕೋಸಿನ ಎಲೆಯನ್ನು ಎಸೆಯದೆ ಸೊಪ್ಪಿನ ಪಲ್ಯ ಮಾಡುತ್ತಿದ್ದೆ. ಶನಿವಾರ ಮಧ್ಯಾಹ್ನ, ಭಾನುವಾರ, ರಜಾ ದಿನ ಅಲ್ಲೇ ಕೂತು ಒಬ್ಬಳೇ ಉಣ್ಣುತ್ತಿದ್ದೆ; ಎರಡೂ ಕಡೆ ಉಣ್ತೇನೆ ಅಂದವರು ಅಮ್ಮನ ಒಲೆಯ ಕಡೆಯೇ ಉಳಿದರು. ಉಳಿದ ದಿನ ಡಬ್ಬಿ.

ಒಬ್ಬಳೇ ಉಣ್ಣುವಾಗ ಅಳು ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಕೋಸಿನ ರುಚಿಗಲ್ಲ. ಇರುವ ಒಂದೂ ಹೋದರೆ ಅನ್ನುವ ಹೆದರಿಕೆ. ಮಗಳು ಹುಟ್ಟಿಯಾಗಿದೆ, ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ, ಇನ್ನೊಂದು ಮಗು ಬೇಕೆಂಬ ಆಸೆಯೂ ಇರಲಿಲ್ಲ. ಆದರೂ ಒಳಗಿನಿಂದ ಒಂದೊಂದೇ ತೆಗೆಯುತ್ತ ಹೋದರೆ ನಾನು ಅಂತ ಉಳಿಯುವುದು ಏನು ಅನ್ನಿಸುತ್ತಿತ್ತು.

ಆಷಾಢ ಕಳೆಯುತ್ತ ಬಂದಿತ್ತು. ಚಾತುರ್ಮಾಸ್ಯ ಶುರುವಾಗಿ ಅತ್ತೆ ತರಕಾರಿಯನ್ನೇ ಬಿಟ್ಟಿದ್ದ ದಿನಗಳು. ಒಂದು ಭಾನುವಾರ ಮಧ್ಯಾಹ್ನ ನಾನು ಪಲ್ಯ ಬಡಿಸಿಕೊಂಡು ಮಣೆಯ ಮೇಲೆ ಕೂತಿದ್ದೆ. ಹೊಸ್ತಿಲು ದಾಟಿ ಅತ್ತೆ ಬಂದರು. ಕೈಯಲ್ಲಿ ತಟ್ಟೆ. ಅನ್ನ ಮತ್ತು ಮಜ್ಜಿಗೆ ಮಾತ್ರ ಇತ್ತು ಅದರಲ್ಲಿ. ನನ್ನ ಎದುರಿಗೆ ಗೋಡೆಗೆ ಒರಗಿ ಕೂತರು, ತಟ್ಟೆ ಮುಂದೆ ಸರಿಸಿದರು.

"ಹಾಕು ಸ್ವಲ್ಪ."

ನನಗೆ ಅರ್ಥವೇ ಆಗಲಿಲ್ಲ. "ಎಂತದು ಅತ್ತೆ?"

"ಅದೇ. ನಿನ್ನ ಕೋಸು. ಹಾಕು."

"ಚಾತುರ್ಮಾಸ್ಯ ಅಲ್ವಾ?"

"ಅದು ನಂಗೂ ದೇವರಿಗೂ ಮಧ್ಯೆ ಇರೋದು. ನೀನು ಹಾಕು."

ಹಾಕಿದೆ. ಅತ್ತೆ ಮೊದಲ ತುತ್ತನ್ನು ಮಾತ್ರೆ ನುಂಗುವ ಹಾಗೆ ನುಂಗಿದರು. ಎರಡನೆಯದನ್ನು ಅಗಿದರು. "ಕಾಯಿ ಸಾಲದು," ಅಂದರು. ಆವತ್ತು ನನಗೆ ಮತ್ತೆ ಅಳು ಬಂತು, ಈ ಸಲ ಖುಷಿಗೆ. ನಾನು ಒಬ್ಬಳೇ ಕೂತು ಉಣ್ಣುವುದನ್ನು ನೋಡಲಾರದೆ, ಅರವತ್ತೆರಡು ವರ್ಷ ಕಾಪಾಡಿಕೊಂಡು ಬಂದ ಕಟ್ಟಳೆಯನ್ನು ಈಕೆ ನನಗೋಸ್ಕರ ಬಿಟ್ಟರಲ್ಲ ಅಂತ. ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿದೆ. ಕನ್ನಡದ ಮೇಡಂ ಕಣ್ಣೊರೆಸಿಕೊಂಡರು. "ಅಂಥ ಅತ್ತೆ ಸಿಗೋಕೆ ಏಳು ಜನ್ಮದ ಪುಣ್ಯ ಬೇಕು ಕಣ್ರೀ," ಅಂದರು. ನಾನು ಹೆಮ್ಮೆಯಿಂದ ಹೌದೌದು ಅಂದೆ.

ಆಮೇಲೆ ಅತ್ತೆ ದಿನಾ ಬರತೊಡಗಿದರು. ನಾನು ಶಾಲೆಗೆ ಹೋಗುವ ಮುಂಚೆ ಮಾಡಿಟ್ಟ ಪಲ್ಯವನ್ನು, ನೈವೇದ್ಯ ಮುಗಿಸಿ, ಹಿಂದಿನ ಜಗುಲಿಗೆ ಹೋಗಿ ಬಡಿಸಿಕೊಂಡು ತಿನ್ನುತ್ತಿದ್ದರು. ತಟ್ಟೆಯನ್ನು ಅಲ್ಲೇ ತೊಳೆದು ಅಲ್ಲೇ ಬೋರಲು ಹಾಕುತ್ತಿದ್ದರು. ಕೋಸು ಕೊನೆಯವರೆಗೂ ಒಳಗೆ ಬರಲಿಲ್ಲ. ಅತ್ತೆಯೇ ಹೊರಗೆ ಹೋದರು. ನನ್ನ ಗಂಡ ಸುಮ್ಮನಿರಬೇಕಲ್ಲ! "ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ ಅಮ್ಮಾ, ನೀನು ಬದನೆಕಾಯಿ ಬಿಟ್ಟು ಕೋಸಿಗೇ ಕೈ ಹಾಕಿದ್ಯಲ್ಲ," ಅಂತ ಛೇಡಿಸಿದರೆ ಅತ್ತೆ ಜಗುಲಿಗೆ ನಡೆದುಬಿಡುತ್ತಿದ್ದರು. ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಸಂತೆಯಲ್ಲಿ ಕೋಸು ಸಿಗದ ವಾರ ನನಗಿಂತ ಅವರಿಗೇ ಚಡಪಡಿಕೆ.

ಆಗಾಗ ಕೇಳುತ್ತಿದ್ದರು. "ಇದು ತಿಂದ್ರೆ ಗಡ್ಡೆ ಕರಗ್ತದಾ?"

"ಕರಗುತ್ತೋ ಇಲ್ವೋ, ಬೆಳೆಯೋದು ನಿಲ್ಲುತ್ತೆ ಅತ್ತೆ," ಅನ್ನುತ್ತಿದ್ದೆ ನಾನು. ಯಾರು ಹೇಳಿದ್ದರು ನನಗೆ ಹಾಗಂತ? ಯಾರೂ ಇಲ್ಲ. ಬಾಯಿ ಇದೆ, ಸೀಮೆಸುಣ್ಣ ಹಿಡಿದ ಕೈ ಇದೆ, ಹೇಳಿಬಿಟ್ಟೆ. ಕೋಸಿನಲ್ಲಿ ಗಂಧಕದ ಅಂಶ ಇದೆ, ನಾರು ಇದೆ, ಹೆಚ್ಚಾದ ಹಾರ್ಮೋನನ್ನು ಹೊರಗೆ ಹಾಕುತ್ತದೆ ಅಂತ ಅರ್ಧ ಗಂಟೆ ಪಾಠ. ಅತ್ತೆ ಕಣ್ಣು ಪಿಳುಕಿಸದೆ ಕೇಳುತ್ತಿದ್ದರು. ನನ್ನ ಮೂವತ್ತು ವಿದ್ಯಾರ್ಥಿಗಳು ಒಟ್ಟು ಸೇರಿದರೂ ಅಷ್ಟು ಗಮನ ಕೊಟ್ಟವರಲ್ಲ. "ಎಷ್ಟು ವಯಸ್ಸಾದ್ಮೇಲೂ ಕೆಲಸ ಮಾಡ್ತದಾ?" ಅಂತಲೂ ಒಂದು ದಿನ ಕೇಳಿದರು. "ನಂಗೇನು ಮಹಾ ವಯಸ್ಸಾಯ್ತು ಅತ್ತೆ?" ಅಂತ ನಾನು ನಕ್ಕೆ.

ನವರಾತ್ರಿಯ ಹೊತ್ತಿಗೆ ಅತ್ತೆಯ ಹೊಟ್ಟೆ ಉಬ್ಬಿದ್ದು ಎದ್ದು ಕಾಣುತ್ತಿತ್ತು. ಕೈ ಕಾಲು ಮುಖ ಬಡವಾಗಿ, ಹೊಟ್ಟೆ ಮಾತ್ರ ಮುಂದೆ. ಸೀರೆಯನ್ನು ಮೇಲೆ ಕಟ್ಟಲು ಶುರು ಮಾಡಿದ್ದರು. ಎರಡು ತುತ್ತಿಗೇ "ಹೊಟ್ಟೆ ತುಂಬ್ತು" ಅನ್ನುತ್ತಿದ್ದರು. ಗಂಟೆಗೊಮ್ಮೆ ಬಚ್ಚಲಿಗೆ ಹೋಗುತ್ತಿದ್ದರು. ನಾನು, ನನ್ನ ಗಂಡ, ಹಬ್ಬಕ್ಕೆ ಬಂದ ನೆಂಟರು, ಎಲ್ಲರೂ ಸೇರಿ ಒಂದೇ ತೀರ್ಪು ಕೊಟ್ಟೆವು: ವಾಯು. ಕೋಸು ವಾಯು ಅನ್ನುವುದು ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತು. ಹುಟ್ಟಿದಾಗಿನಿಂದ ತಿನ್ನದೆ ಇದ್ದದ್ದನ್ನು ಈ ವಯಸ್ಸಿನಲ್ಲಿ ದಿನಾ ತಿಂದರೆ ಇನ್ನೇನಾಗುತ್ತದೆ?

"ಅಭ್ಯಾಸ ಇಲ್ಲ ನೋಡಿ, ಅದಕ್ಕೆ. ನಾರು ಜಾಸ್ತಿ ಆದ್ರೆ ಶುರುವಿನಲ್ಲಿ ಹಾಗೇ. ಒಗ್ಗಿ ಹೋಗುತ್ತೆ," ಅಂತ ನಾನು.

ಓಮದ ಕಷಾಯ ಕುಡಿಸಿದೆವು. ಮಜ್ಜಿಗೆಗೆ ಇಂಗು. ಒಣಗಿಸಿಟ್ಟ ಕೊಡಸಿಗೆ ಹೂವಿನ ತಂಬುಳಿ ಮಾಡಿ ಕೊಟ್ಟೆ, ಹೊಟ್ಟೆಯ ಎಲ್ಲ ತೊಂದರೆಗೂ ಅದು ನಮ್ಮಲ್ಲಿ ಕೈಕಂಡ ಮದ್ದು. "ಒಂದು ವಾರ ಕೋಸು ಬಿಟ್ಟು ನೋಡಿ ಅತ್ತೆ," ಅಂದೆ. ಬಿಡಲಿಲ್ಲ. ಬಿಡುವುದಿಲ್ಲ ಅಂತ ಹಟ. ನನಗೆ ಸಿಟ್ಟೇ ಬಂತು. "ನನ್ನ ಮೇಲಿನ ಪ್ರೀತಿಗೆ ನೀವು ಹೊಟ್ಟೆ ಕೆಡಿಸ್ಕೊಳ್ಳೋದು ಬೇಡ. ನಾನು ಒಬ್ಳೇ ಉಣ್ತೇನೆ ಬಿಡಿ," ಅಂತ ರೇಗಿದೆ. ಅತ್ತೆ ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಏನೋ ಹೇಳುವವರ ಹಾಗೆ ಬಾಯಿ ತೆರೆದು, ತಟ್ಟೆ ಎತ್ತಿಕೊಂಡು ಹೋದರು. ಆ ಮುಖ ಈಗ ಕಣ್ಣ ಮುಂದೆ ಬಂದರೆ ನನಗೆ ನನ್ನ ಕೆನ್ನೆಗೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಸಂಕ್ರಾಂತಿ ಕಳೆದ ಮೇಲೆ ನನ್ನ ಸ್ಕ್ಯಾನಿಂಗಿನ ದಿನ ಬಂತು. ಕಾಫಿ ಕೊಯ್ಲು ಜೋರಾಗಿ ನಡೆಯುತ್ತಿತ್ತು, ಕಣದಲ್ಲಿ ಹಣ್ಣು ಹರವಿತ್ತು, ಆಳುಗಳನ್ನು ಬಿಟ್ಟು ನನ್ನ ಗಂಡ ಬರುವ ಹಾಗಿರಲಿಲ್ಲ. ಅತ್ತೆ ಆಗಲೇ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. "ನಾನು ಬರ್ತೇನೆ ಜೊತೆಗೆ." ಮದುವೆ, ಮುಂಜಿ ಬಿಟ್ಟರೆ ಚಿಕ್ಕಮಗಳೂರಿನ ಕಡೆ ತಲೆ ಹಾಕಿದವರಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಕಣ್ಣು ಮುಚ್ಚಿಕೊಂಡರು. ಕುಲುಕಿದಾಗಲೆಲ್ಲ ಹೊಟ್ಟೆಯ ಮೇಲೆ ಕೈ ಇಡುತ್ತಿದ್ದರು. ಬಸ್ಸು ಅವರಿಗೆ ಆಗುವುದಿಲ್ಲ ಅಂದುಕೊಂಡೆ.

ನನ್ನ ಸ್ಕ್ಯಾನಿಂಗ್ ಮುಗಿಯಿತು. ಬಲಗಡೆಯ ಗಂಟು ಸಣ್ಣದಾಗಿದೆ ಅಂದರು ಡಾಕ್ಟರಮ್ಮ. ಮಾತ್ರೆ ಚೆನ್ನಾಗಿ ಕೆಲಸ ಮಾಡಿದೆ, ಹೀಗೇ ಮುಂದುವರಿಸಿ ಅಂದರು. ಮಾತ್ರೆ ಅಂತ ಅವರು ಸ್ಪಷ್ಟವಾಗಿ ಅಂದರು. ನಾನು ಹೊರಗೆ ಓಡಿ ಬಂದು, ಬೆಂಚಿನ ಮೇಲೆ ಕೂತಿದ್ದ ಅತ್ತೆಯ ಎರಡೂ ಕೈ ಹಿಡಿದು, "ಅತ್ತೆ, ಸಣ್ಣದಾಗಿದೆ! ನೋಡಿ, ಕೋಸು ಕೆಲಸ ಮಾಡ್ತು!" ಅಂದೆ.

ಅತ್ತೆಯ ಕಣ್ಣು ತುಂಬಿ ಬಂತು. "ಹೌದನಾ? ಕರಗ್ತಾ?" ಅಂದರು. ಆಮೇಲೆ ತುಂಬ ಸಣ್ಣ ದನಿಯಲ್ಲಿ, ಸುತ್ತ ಯಾರಿಗೂ ಕೇಳಿಸದ ಹಾಗೆ, "ನಂದೂ ಒಂದ್ಸಲ ನೋಡ್ತಾರಾ?" ಅಂದರು.

ನಾನು ನಕ್ಕೆ. ದೇವರಾಣೆಗೂ ನಕ್ಕೆ. "ನಿಮ್ಮದೆಂತ ನೋಡೋದು ಅತ್ತೆ? ನಿಮ್ಮದು ಗ್ಯಾಸು."

ಡಾಕ್ಟರಮ್ಮ ಊಟಕ್ಕೆ ಹೊರಟವರು ಬಾಗಿಲಲ್ಲೇ ನಿಂತಿದ್ದರು. ನನ್ನನ್ನು ನೋಡಲಿಲ್ಲ, ಅತ್ತೆಯ ಹೊಟ್ಟೆ ನೋಡಿದರು, ಕೊರಳ ಮೂಳೆ ನೋಡಿದರು. "ಅಮ್ಮಾ, ಊಟ ಸೇರ್ತದಾ ನಿಮಗೆ?" ಅಂದರು. ಅತ್ತೆ ಇಲ್ಲ ಅಂತ ತಲೆಯಾಡಿಸಿದರು. "ಬನ್ನಿ ಒಳಗೆ," ಅಂದರು ಡಾಕ್ಟರಮ್ಮ. ಊಟಕ್ಕೆ ಹೋಗಲಿಲ್ಲ ಅವರು.

ಒಳಗೆ ಆ ಕತ್ತಲೆ ಕೋಣೆಯಲ್ಲಿ ಪರದೆಯ ಮೇಲೆ ಬಂದದ್ದನ್ನು ಓದಲು ನನಗೆ ಡಾಕ್ಟರು ಬೇಕಾಗಿರಲಿಲ್ಲ. ನನ್ನದನ್ನು ಎಷ್ಟು ಸಲ ನೋಡಿದ್ದೇನೆ! ಕಪ್ಪಗೆ ನೀರು ತುಂಬಿಕೊಂಡಿತ್ತು. ನಡುವೆ ಚಕ್ಕೋತದ ಗಾತ್ರದ ಗಡ್ಡೆ. ಡಾಕ್ಟರಮ್ಮ ಸ್ಕ್ಯಾನಿಂಗಿನ ಸಲಕರಣೆಯನ್ನು ಒಂದೇ ಕಡೆ ಇಟ್ಟು ಅಳತೆ ತೆಗೆದುಕೊಂಡರು. ಅತ್ತೆ ಮಲಗಿದಲ್ಲಿಂದಲೇ ನನ್ನ ಕೈ ಹುಡುಕಿದರು. ಕೊಟ್ಟೆ.

ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋದದ್ದು ನಾಲ್ಕನೇ ದಿನ. ದೊಡ್ಡ ಆಸ್ಪತ್ರೆ, ದೊಡ್ಡ ಡಾಕ್ಟರು. ಅಂಡಾಶಯದ ಕ್ಯಾನ್ಸರ್ ಅಂತ ಕಾಗದದಲ್ಲಿ ಬಂದಿತ್ತು, ಹೊಟ್ಟೆಯೊಳಗೆ ಸ್ವಲ್ಪ ಹರಡಿತ್ತು. ಅವರು ಫೈಲು ತೆರೆದಿಟ್ಟುಕೊಂಡು ಕೇಳಿದರು. "ಹೊಟ್ಟೆ ಉಬ್ಬರ ಯಾವಾಗಿನಿಂದ?"

ನಾನೇ ಬಾಯಿ ಹಾಕಿದೆ. "ನಾಲ್ಕು ತಿಂಗಳಾಯ್ತು ಸರ್. ನವರಾತ್ರಿಯಿಂದ. ಮನೇಲಿ ಕೋಸು ತಿನ್ನೋಕೆ ಶುರು ಮಾಡಿದ್ವಿ, ಅದರ ಗ್ಯಾಸು ಅಂದ್ಕೊಂಡು..." ಅವರ ಪೆನ್ನಿನ ತುದಿಯನ್ನೇ ನೋಡುತ್ತ ಮುಂದುವರಿಸಿದೆ. "ತಪ್ಪು ನನ್ನದು ಸರ್. ನಾನೇ ಅವರಿಗೆ ತಿನ್ನಿಸಿದ್ದು. ಗ್ಯಾಸು ಅಂದದ್ದೂ ನಾನೇ."

"ಅಲ್ಲ," ಅಂದರು ಅತ್ತೆ.

ಅತ್ತೆ ಗಂಡಸರ ಎದುರಿಗೆ ಕುರ್ಚಿಯಲ್ಲಿ ಕೂರುವವರೂ ಅಲ್ಲ. ಆವತ್ತು ನೆಟ್ಟಗೆ ಕೂತು ಡಾಕ್ಟರ ಮುಖ ನೋಡಿ ಹೇಳಿದರು.

"ಹೋದ ಯುಗಾದಿಯಿಂದ. ಹೋಳಿಗೆ ಒಂದೂ ತಿನ್ನೋಕೆ ಆಗ್ಲಿಲ್ಲ. ಕೆಳಗೆ ಎಂತದೋ ಭಾರ, ಕಲ್ಲು ಕಟ್ಟಿದ ಹಾಗೆ. ಒಂದೆರಡು ಸಲ ರಕ್ತವೂ ಕಂಡಿತು, ಮುಟ್ಟು ನಿಂತು ಎಷ್ಟೋ ವರ್ಷ ಆದ್ಮೇಲೆ. ಆಗ ಮನೇಲಿ ಇವಳ ಆಪರೇಷನ್ ಆಗಿ ಒಂದು ತಿಂಗಳೂ ಆಗಿರ್ಲಿಲ್ಲ, ಹೊಲಿಗೆ ಹಸಿ ಇತ್ತು. ಒಂದೇ ಮನೇಲಿ ಇಬ್ಬರದ್ದು ಎಂತಕ್ಕೆ ಅಂತ ಸುಮ್ನಿದ್ದೆ. ಈ ವಯಸ್ಸಲ್ಲಿ ಆ ಜಾಗದ್ದು ಮಗನ ಹತ್ರ ಹೇಳೋದಾ? ಆಮೇಲೆ ಇವಳು ಕೋಸು ತಂದ್ಲು. ಅಂಡಾಶಯಕ್ಕೆ ಒಳ್ಳೇದು ಅಂದ್ಲು. ನಂಗೂ ಅಲ್ಲೇ ಏನೋ ಆಗಿದೆ ಅಂತ ಗೊತ್ತಾಗ್ತಿತ್ತು. ಇವಳಿಗೆ ಆಗೋದು ನಂಗೂ ಆದೀತು ಅಂತ ತಿಂದೆ."

ಡಾಕ್ಟರು ಬರೆದುಕೊಂಡರು. ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, "ತರಕಾರಿಯಿಂದ ಇದು ಬಂದದ್ದೂ ಅಲ್ಲ, ತರಕಾರಿಯಿಂದ ಇದು ಹೋಗೋದೂ ಇಲ್ಲ. ಯುಗಾದಿಗೇ ಬಂದಿದ್ರೆ ನಮಗೆ ಸುಲಭ ಆಗ್ತಿತ್ತು," ಅಂದರು.

ಚಾತುರ್ಮಾಸ್ಯದ ನಡುವೆ ಒಬ್ಬ ಆಚಾರವಂತ ಹೆಂಗಸು ಹೊಸ್ತಿಲು ದಾಟಿ ಬಂದು ಕೋಸು ಹಾಕು ಅಂದರೆ, ಅದು ಪ್ರೀತಿ ಅಂತ ನಾನು ತಿಳಿದೆ. ಯಾಕೆಂದರೆ ಅದು ನನ್ನ ಬಗ್ಗೆಯ ಕಥೆ ಆಗಿತ್ತು, ಚೆನ್ನಾಗಿತ್ತು, ಸ್ಟಾಫ್ ರೂಮಿನಲ್ಲಿ ಹೇಳುವ ಹಾಗಿತ್ತು. ಜೀವಭಯ ಇದ್ದವರಷ್ಟೇ ಹಾಗೆ ವ್ರತ ಮುರಿಯುತ್ತಾರೆ ಅಂತ ಹೊಳೆಯಲಿಲ್ಲ. ಇಡೀ ವರ್ಷ ಆ ಮನೆಯಲ್ಲಿ ಅಂಡಾಶಯ, ಅಂಡಾಶಯ ಅಂತ ಮಾತಾಡಿದವಳು ನಾನು. ಆ ಮನೆಯಲ್ಲಿ ಅದು ನನಗೊಬ್ಬಳಿಗೇ ಇದೆ ಅಂದುಕೊಂಡಿದ್ದೆ. ಐದು ಹೆತ್ತು ಮೂರನ್ನು ಮಣ್ಣಿಗೆ ಕೊಟ್ಟ ಹೆಂಗಸು ಎದುರಿಗೇ ಕೂತು ನನ್ನ ಪಾಠ ಕೇಳುತ್ತಿದ್ದರು.

ಮೊದಲು ಮೂರು ಸಲ ಕಿಮೋ ಕೊಟ್ಟು ಗಡ್ಡೆಯನ್ನು ಕುಗ್ಗಿಸಿದರು, ಆಮೇಲೆ ಆಪರೇಷನ್, ಮತ್ತೆ ಮೂರು ಸಲ ಕಿಮೋ. ನಾನು ಸಂಬಳವಿಲ್ಲದ ರಜೆ ಹಾಕಿದೆ. ಘಾಟಿಯ ತಿರುವುಗಳಲ್ಲಿ ಅವರ ವಾಂತಿಗೆ ಚೀಲ ಹಿಡಿದೆ, ಕೂದಲು ಉದುರಿದಾಗ ಗುಡಿಸಿದೆ. ಗುಡಿಸುವುದನ್ನು ಅವರು ನೋಡದ ಹಾಗೆ ಗುಡಿಸಿದೆ. ಅಡಿಗೆಮನೆಯ ಒಲೆ ನನ್ನ ಕೈಗೆ ಬಂತು. ಅತ್ತೆ ಮಂಚದ ಮೇಲಿಂದಲೇ ಇಂಗು ಎಷ್ಟು, ಬೆಲ್ಲ ಎಷ್ಟು ಅಂತ ಕೂಗಿ ಹೇಳುತ್ತಿದ್ದರು. ಬಾಯಿಗೆ ಏನೂ ಸೇರದ ದಿನಗಳಲ್ಲಿ ಗಂಜಿ, ಸಾರು, ಬೇಯಿಸಿದ ಸೋರೆಕಾಯಿ. ಯಾವ ತರಕಾರಿಯ ಬಗ್ಗೆಯೂ ನಾನು ಯಾರಿಗೂ ಪಾಠ ಮಾಡಲಿಲ್ಲ.

ಕೊನೆಯ ಕಿಮೋ ಆಗಿ ಎರಡು ತಿಂಗಳಿಗೆ ತೆಗೆದ ಸ್ಕ್ಯಾನಿಂಗಿನಲ್ಲಿ ಏನೂ ಕಾಣಲಿಲ್ಲ. ಮತ್ತೆ ಬರುವುದಿಲ್ಲ ಅಂತ ಹೇಳಲು ಬರುವುದಿಲ್ಲ, ನೋಡುತ್ತಿರಬೇಕು ಅಂದರು ಡಾಕ್ಟರು. ನನ್ನ ಗಂಡ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅತ್ತರು. ಅತ್ತೆ ಮಾತ್ರ ಸೆರಗನ್ನು ಬೋಳುತಲೆಯ ಮೇಲೆ ಸರಿಮಾಡಿಕೊಂಡು, "ಎದ್ದೇಳೋ, ಜನ ನೋಡ್ತಾರೆ," ಅಂದರು.

ಅದಾದ ಮುಂದಿನ ವಾರ. ರಜೆ ಮುಗಿಸಿ ನಾನು ಶಾಲೆಗೆ ಹೋಗತೊಡಗಿದ್ದೆ. ಬೆಳಿಗ್ಗೆ ಏಳು ಗಂಟೆ ಇರಬೇಕು. ಅತ್ತೆಯ ಕಾಲಿಗೆ ಎಣ್ಣೆ ಹಚ್ಚುತ್ತಿದ್ದೆ, ಕಿಮೋ ಆದ ಮೇಲೆ ಬೆರಳುಗಳಲ್ಲಿ ಜೋಮು ಹಿಡಿಯುತ್ತಿತ್ತು ಅವರಿಗೆ. ಅಷ್ಟು ತಿಂಗಳು ಅದುಮಿಟ್ಟಿದ್ದ ಸಿಟ್ಟು ಯಾಕೋ ಆಗಲೇ ಹೊರಗೆ ಬಂತು. ಎಣ್ಣೆಯ ಬಟ್ಟಲನ್ನು ನೆಲಕ್ಕೆ ಕುಕ್ಕಿದೆ.

"ಒಂದು ಮಾತು ಹೇಳ್ಬಾರ್ದಿತ್ತಾ ಅತ್ತೆ? ಒಂದೇ ಒಂದು ಮಾತು! ಒಂದು ವರ್ಷ ದಿನಾ ನಿಮ್ಮ ಎದುರಿಗೇ ಕೂತಿರ್ತಿದ್ನಲ್ಲ ನಾನು! ಪ್ರಾಣ ಹೋಗ್ತಿತ್ತಲ್ಲ ನಿಮ್ದು! ನಾನೆಂತ ಹೊರಗಿನವಳಾ?"

ಅತ್ತೆ ಕಾಲು ಎಳೆದುಕೊಳ್ಳಲಿಲ್ಲ. ನಾನು ಕಿರುಚಿ ಮುಗಿಸುವವರೆಗೂ ಕಾದರು.

"ದಿನಾ ಕೂತಿರ್ತಿದ್ದೆ, ಹೌದು," ಅಂದರು. "ನೀನು ನಿಂದು ಹೇಳ್ತಿದ್ದೆ. ನಾನು ಕೇಳ್ತಿದ್ದೆ. ನಿಮಗೆ ಹೇಗಿದೆ ಅತ್ತೆ ಅಂತ ಒಂದಿನ ನೀನು ಕೇಳ್ತೀಯ, ಆವಾಗ ಹೇಳಿದ್ರಾಯ್ತು ಅಂತ ಇದ್ದೆ. ನೀನು ಕೇಳ್ಲಿಲ್ಲ ಕಣೆ."

ಅವರ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಜಗಳಾಡಲು ಬರುತ್ತಿತ್ತು.

ಶಾಲೆಗೆ ಫೋನ್ ಮಾಡಿ ಇವತ್ತು ಬರುವುದಿಲ್ಲ ಅಂದೆ. ಕೈಯ ಎಣ್ಣೆಯನ್ನು ಸೀರೆಗೇ ಒರೆಸಿಕೊಂಡು ಮಂಚದ ಕೆಳಗೆ ಕೂತೆ. "ಈಗ ಕೇಳ್ತಿದ್ದೇನೆ," ಅಂದೆ. "ಹೇಳಿ. ಯಾವಾಗ ಶುರುವಾಯ್ತು, ಮೊದಲಿನಿಂದ ಹೇಳಿ."

ಅತ್ತೆ ದಿಂಬಿಗೆ ಒರಗಿಕೊಂಡು ಶುರು ಮಾಡಿದರು. ಯುಗಾದಿಯಿಂದ ಅಲ್ಲ. ನಲವತ್ತನಾಲ್ಕು ವರ್ಷದ ಹಿಂದೆ, ನನ್ನ ಗಂಡ ಹುಟ್ಟಿದ ದಿನದಿಂದ.